ಎಕ್ಸಲೇಟರ್ ತುಳಿದವರು ಯಾರು

ಹುಕ್ಕೇರಿ
೧೨ ಆಗಸ್ಟ್ ೨೦೨೪

ಮಾನ್ಯ ಮಾಳಪ್ಪನವರಿಗೆ ನಮಸ್ಕಾರಗಳು.

ನಾನು ಸರಿತಾ, ಬೀಜದ ಏಜೆಂಟ್ ಧರಣೇಂದ್ರ ಅವರ ಮನೆಯಾಕೆ. ಹನ್ನೊಂದು ವರ್ಷ ಮೂಡಲಗಿಯಲ್ಲಿ ವಿಜ್ಞಾನ ಕಲಿಸಿ, ವರ್ಗವಾಗಿ ಇಲ್ಲಿಗೆ ಬಂದವಳು. ನಮ್ಮ ಬಿಳಿ ಮಾರುತಿ ಎಂಟುನೂರು, ತೊಂಬತ್ತಾರರ ಮಾಡೆಲ್, ನಿಮಗೆ ನೆನಪಿದ್ದೇ ಇರುತ್ತದೆ. ಹುಕ್ಕೇರಿಗೆ ಬಂದ ಮೇಲೂ ಅವರು ಆಯಿಲ್ ಬದಲಿಸಲು ಅಷ್ಟು ದೂರ ನಿಮ್ಮಲ್ಲಿಗೇ ಬರುತ್ತಿದ್ದರು.

ಮೊನ್ನೆ ನಿಮ್ಮ ನಂಬರಿಗೆ ಫೋನ್ ಮಾಡಿದೆ. ನಿಮ್ಮ ಮನೆಯವರು ಶೆಟ್ಟೆವ್ವನವರು ಎತ್ತಿದರು. "ಅವರಿಗಿ ಗಂಟಲ ಆಪರೇಷನ್ ಆಗೇತ್ರಿ ಅಕ್ಕೋರ, ದನಿ ಹೋತು. ಪತ್ರಾ ಬರೀರಿ, ಓದ್ತಾರ" ಅಂದರು. ನನಗೆ ಈ ವಿಷಯ ತಿಳಿದಿರಲಿಲ್ಲ. ಕ್ಷಮಿಸಿ.

ಕೇಳಬೇಕಾದದ್ದು ಇಷ್ಟು. ಗಾಡಿ ವರ್ಷದ ಮೇಲೆ ನಿಂತೇ ಇತ್ತು. ಹೋದ ವಾರ ಬ್ಯಾಟರಿ ಚಾರ್ಜ್ ಮಾಡಿಸಿ ಕೀಲಿ ತಿರುವಿದೆ. ಎರಡನೆಯ ಸಲಕ್ಕೆ ಚಾಲೂ ಆಯಿತು, ಆದರೆ ನಿಂತಲ್ಲೇ ಮೈಯೆಲ್ಲ ನಡುಗಿಸುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಇಲ್ಲಿಯ ಮೆಕ್ಯಾನಿಕ್ ಒಬ್ಬರು ಬಂದು, ಬಾನೆಟ್ಟಿಗೆ ಕಿವಿ ಹಚ್ಚಿ, "ಕಂಪ್ರೆಷನ್ ಹೋಗೇತಿ, ಗುಜರಿಗಿ ಹಾಕ್ರಿ" ಅಂದುಬಿಟ್ಟರು. ಯಾವ ಅಳತೆಯನ್ನೂ ಮಾಡಲಿಲ್ಲ. ಅಳೆಯದೆ ಹೇಳುವುದನ್ನು ನಾನು ಏಳನೆಯ ತರಗತಿಯ ಮಕ್ಕಳಿಂದಲೂ ಒಪ್ಪುವುದಿಲ್ಲ.

ದೀಪಾವಳಿಯೊಳಗೆ ಈ ಗಾಡಿ ಓಡಬೇಕಾಗಿದೆ. ಕಂಪ್ರೆಷನ್ ಅಳೆಯುವುದು ಹೇಗೆಂದು ಬರೆದು ತಿಳಿಸುವಿರಾ?

ಅವರು ಈಗ ಊರಲ್ಲಿರುವುದು ಕಡಿಮೆ. ಆರೋಗ್ಯವಾಗಿದ್ದಾರೆ.

ಇತಿ,
ಸರಿತಾ


ಮೂಡಲಗಿ
೧೭ ಆಗಸ್ಟ್ ೨೦೨೪

ಅಕ್ಕೋರಿಗೆ ಮಾಳಪ್ಪನ ನಮಸ್ಕಾರ.

ನಿಮ್ಮ ಪತ್ರಾ ಬಂತು. ಗಾಡಿ ನೆನಪೈತೇನು ಅಂತ ಕೇಳಿದ್ರಿ. ಎಡಗಡೆ ಹಿಂದಿನ ಬಾಗಲಾ ಎತ್ತಿ ಹಾಕಿದ್ರಷ್ಟ ಬೀಳ್ತೈತಿ, ಹೌದಿಲ್ರಿ? ನಾ ಮರಿಯಾಂವಲ್ಲ.

ಗ್ಯಾರೇಜಿನ್ಯಾಗ ಬಾಳ ಕೆಲಸ ಐತಿ, ಆದ್ರೂ ನಿಮ್ಮ ಸಲವಾಗಿ ಪುರಸೊತ್ತ ಮಾಡ್ಕೊಂಡ ಬರಿಯಾಕತ್ತೇನಿ. ಸಿಲಿಂಡರ್ ಒಳಗ ಗಾಳಿ ಎಷ್ಟ ಒತ್ತತೈತಿ ಅಂತ ತೋರಸೂ ನನ್ನ ಗೇಜ್ ಹುಕ್ಕೇರಿ ಬಸ್ಸಿನ ಕಂಡಕ್ಟರ್ ಕೈಯಾಗ ಕಳಸೇನಿ, ಸ್ಟ್ಯಾಂಡಿನ್ಯಾಗ ಇಸ್ಕೋರಿ. ತಿರುವಿ ಹಚ್ಚೂದಲ್ಲ, ಹಳೇದು. ತುದಿಗಿ ರಬ್ಬರ್ ಐತಿ, ಪ್ಲಗ್ಗಿನ ತೂತಿಗಿಟ್ಟು ಗಟ್ಟಿ ಒತ್ತಿ ಹಿಡೀಬೇಕು.

ಮೊದಲ ಎಂಜಿನ್ ಹತ್ತ ಮಿನಿಟ್ ಬಿಸಿ ಮಾಡ್ರಿ. ಬಂದ್ ಮಾಡಿ ಮೂರೂ ಸಿಲಿಂಡರಿನ ಪ್ಲಗ್ ಬಿಚ್ಚರಿ. ಕಾಯಿಲಿನ ದಪ್ಪ ವೈರ್ ಕಿತ್ತಿಡ್ರಿ, ಇಲ್ಲಂದ್ರ ಕಿಡಿ ಹಾರ್ತೈತಿ. ಆಮ್ಯಾಲ ಧರಣೇಂದ್ರಣ್ಣಾರ್ನ ಸೀಟಿನ ಮ್ಯಾಲ ಕುಂಡ್ರಸ್ರಿ. ಅವರು ಎಕ್ಸಲೇಟರ್ ಪೂರಾ ತುಳದು ಕೀಲಿ ತಿರುವಬೇಕು, ಐದಾರ ಸುತ್ತ ಎಂಜಿನ್ ತಿರಗಲಿ. ನೀವು ಗೇಜ್ ಹಿಡೀರಿ. ಇದು ಇಬ್ಬರ ಕೆಲಸ. ಹೀಂಗ ಮೂರಕ್ಕೂ ನೋಡಿ ಮುಳ್ಳು ಎಲ್ಲಿ ನಿಂತಿತು ಅಂತ ಬರೀರಿ.

ನೂರಾ ಅರವತ್ತರ ಬಾಜೂ ಇದ್ರ ಎಂಜಿನ್ ಗಟ್ಟಿ. ನೂರಾ ನಲವತ್ತರ ಕೆಳಗ ಇಳದ್ರ ಸವದೈತಿ. ಒಂದ ಸಿಲಿಂಡರ್ ಅಷ್ಟ ಕಮ್ಮಿ ಇದ್ರ ಅದರಾಗ ಒಂದ ಚಮಚಾ ಆಯಿಲ್ ಬಿಟ್ಟು ಮತ್ತ ನೋಡ್ರಿ. ಮುಳ್ಳು ಏರಿದ್ರ ರಿಂಗ್ ಸವದಾವು, ಏರಲಿಲ್ಲಂದ್ರ ವಾಲ್ವ್ ಸುಟ್ಟೈತಿ.

ಅಣ್ಣಾರಿಗಿ ನಮಸ್ಕಾರ ಹೇಳ್ರಿ. ನಾ ದವಾಖಾನಿಯಾಗ ಎರಡ ತಿಂಗಳ ಇದ್ದೆ. ಎಲ್ಲಾರೂ ಬಂದ್ರು, ಅವರು ಬರಲಿಲ್ಲ. ಇರಲಿ.

ಮಾಳಪ್ಪ


ಹುಕ್ಕೇರಿ
೨೬ ಆಗಸ್ಟ್ ೨೦೨೪

ಮಾಳಪ್ಪನವರಿಗೆ ನಮಸ್ಕಾರ.

ಗೇಜ್ ಜೋಪಾನವಾಗಿ ತಲುಪಿತು. ನಿನ್ನೆ ರವಿವಾರ ನೀವು ಹೇಳಿದಂತೆಯೇ ಎಲ್ಲವನ್ನೂ ಮಾಡಲಾಯಿತು. ಅಳತೆಗಳು:

ಮೊದಲನೆಯದು ೯೫. ಎರಡನೆಯದು ೧೦೦. ಮೂರನೆಯದು ೬೦.

ಮೂರನೆಯದಕ್ಕೆ ಆಯಿಲ್ ಬಿಟ್ಟು ನೋಡಿದರೂ ೬೦. ಒಂದೊಂದನ್ನು ಮೂರು ಸಲ ಅಳೆಯಲಾಯಿತು, ಹೆಚ್ಚುಕಡಿಮೆ ಇಲ್ಲ. ಇದರ ಅರ್ಥವೇನು, ದಯವಿಟ್ಟು ಬೇಗ ತಿಳಿಸಿ. ನನ್ನ ನಾದಿನಿ ಭಕ್ತಿ ಪ್ರತಿ ವಾರ ಬಂದು, "ಇದನ್ನಿನ್ನ ಯಾಕ ಇಟ್ಟೀ ವೈನಿ" ಎಂದು ಕೇಳುತ್ತಾಳೆ.

ನಿಮ್ಮ ಆಪರೇಷನ್ ಸಮಯದಲ್ಲಿ ಬರಲಾಗದ್ದಕ್ಕೆ ಬೇರೆ ಕಾರಣವಿತ್ತು. ನಿಮ್ಮ ಮೇಲಿನ ಅನಾದರವಲ್ಲ.

ಸರಿತಾ


ಮೂಡಲಗಿ
೩೦ ಆಗಸ್ಟ್ ೨೦೨೪

ಅಕ್ಕೋರಿಗೆ.

ಖರೆ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ತೊಂಬತ್ತೈದು, ನೂರು, ಅರವತ್ತು ಅಂದ್ರ ಎಂಜಿನ್ ಮುಗದೈತಿ. ಮೂರೂ ಸವದಾವು. ಪೂರಾ ಬಿಚ್ಚಿ, ಸಿಲಿಂಡರ್ ಕೊರದು ಬೋರ್ ಮಾಡಸಬೇಕು. ಇಪ್ಪತ್ತೆಂಟ ವರ್ಷದ ಗಾಡಿಗಿ ಅಷ್ಟ ಮಾಡೂದರಾಗ ಅರ್ಥ ಇಲ್ಲ. ನಿಮ್ಮೂರ ಮೆಕ್ಯಾನಿಕ್ ಅಳೀದನ ಹೇಳಿದ್ರೂ ಸುಳ್ಳ ಹೇಳಿಲ್ಲ.

ಅಣ್ಣಾರಿಗಿ ಬ್ಯಾಸರ ಆಗ್ತೈತಿ. ಆದ್ರ ಅವರಿಗಿ ನೀವ ಹೇಳ್ರಿ. ನನಗ ಒಂದ ಸಾಲ ಬರೀಲಿಲ್ಲ ಅವರು, ನಾ ಯಾಕ ಬರೀಲಿ.

ಮಾಳಪ್ಪ


ಹುಕ್ಕೇರಿ
೩ ಸೆಪ್ಟೆಂಬರ್ ೨೦೨೪

ಮಾಳಪ್ಪನವರಿಗೆ.

ತಿಳಿಯಿತು. ಗೇಜನ್ನು ಅದೇ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೇನೆ. ತೊಂದರೆ ತೆಗೆದುಕೊಂಡಿರಿ, ಧನ್ಯವಾದ.

ಸರಿತಾ


ಮೂಡಲಗಿ
೨೨ ಸೆಪ್ಟೆಂಬರ್ ೨೦೨೪

ಅಕ್ಕೋರ,

ಗಾಡಿ ಗುಜರಿಗಿ ಕೊಟ್ಟ ಬಿಟ್ರೇನು? ಕೊಟ್ಟಿಲ್ಲಂದ್ರ ಕೊಡಬ್ಯಾಡ್ರಿ. ಕೊಟ್ಟಿದ್ರ ನಾ ತಪ್ಪ ಮಾಡೇನಿ.

ಇಪ್ಪತ್ತ ದಿವಸ ಆತು, ನಿಮ್ಮ ಆ ಮೂರ ನಂಬರ್ ತಲಿಯಾಗಿಂದ ಹೋಗವಲ್ಲವು. ನಿನ್ನೆ ನಿಮ್ಮ ಮೊದಲನೇ ಪತ್ರಾ ಮತ್ತ ತಗದು ಓದಿದೆ. ಎರಡನೇ ಸಲಕ್ಕ ಚಾಲೂ ಆತು ಅಂತ ಬರದೀರಿ. ವರ್ಷ ನಿಂತ ಗಾಡಿ, ಮೂರೂ ಸಿಲಿಂಡರ್ ಹೋಗಿದ್ರ, ಎರಡನೇ ಸಲಕ್ಕ ಹ್ಯಾಂಗ ಚಾಲೂ ಆಗ್ತೈತಿ? ತಾಸಗಟ್ಟಲೆ ತಿರುವಿದ್ರೂ ಹತ್ತೂದಿಲ್ಲ. ಎಂಜಿನ್ ಸುಳ್ಳ ಹೇಳೂದಿಲ್ಲ. ಹಂಗಂದ್ರ ಅಳತಿ ತಪ್ಪೈತಿ.

ಎಕ್ಸಲೇಟರ್ ತುಳೀದನ ಕೀಲಿ ತಿರುವಿದ್ರ ಗಾಳಿ ಒಳಗ ಹೋಗೂದಿಲ್ಲ. ಗಾಳಿ ಇಲ್ಲಂದ್ರ ಒತ್ತೂದು ಏನನ್ನ? ಆಗ ಮೂರೂ ಕಮ್ಮಿನ ತೋರಸ್ತಾವು, ಎಂಜಿನ್ ಗಟ್ಟಿ ಇದ್ರೂ.

ಅದಕ್ಕ ಕೇಳ್ತೇನಿ. ಅವತ್ತ ಸೀಟಿನ ಮ್ಯಾಲ ಕುಂತವರು ಯಾರು? ಎಕ್ಸಲೇಟರ್ ತುಳದವರು ಯಾರು? ಧರಣೇಂದ್ರಣ್ಣಾರು ಕುಂತಿದ್ರ ಇಂಥಾ ತಪ್ಪ ಆಗ್ತಿರಲಿಲ್ಲ. ಅವರಿಗಿ ನಾನ ಕಲಿಸೇನಿ, ಈ ಕೆಲಸಾ ನಾವಿಬ್ಬರೂ ಕೂಡಿ ನಾಕ ಸಲ ಮಾಡೇವಿ. ಅವರು ನನ್ನ ಮ್ಯಾಲಿನ ಸಿಟ್ಟಿಗಿ ಗಾಡೀನೂ ಮುಟ್ಟವಲ್ರೇನು? ನಾ ಅಂಥಾದ್ದೇನ ಮಾಡೇನಿ?

ಮಾಳಪ್ಪ


ಹುಕ್ಕೇರಿ
೨೯ ಸೆಪ್ಟೆಂಬರ್ ೨೦೨೪

ಮಾಳಪ್ಪನವರೆ,

ಗಾಡಿ ಇಲ್ಲೇ ಇದೆ. ಕೊಟ್ಟಿಲ್ಲ.

ಸೀಟಿನ ಮೇಲೆ ಯಾರೂ ಇರಲಿಲ್ಲ. ಸಾಲಿಯ ಲ್ಯಾಬಿನಿಂದ ಕರೆಗಂಟೆಯ ಸ್ವಿಚ್ಚು, ಉದ್ದನೆಯ ವೈರು ತಂದು ಸ್ಟಾರ್ಟರಿಗೆ ಹಚ್ಚಿದೆ. ಒಂದು ಕೈಯಲ್ಲಿ ಗೇಜು, ಇನ್ನೊಂದರಲ್ಲಿ ಸ್ವಿಚ್ಚು. ಎಕ್ಸಲೇಟರಿನ ಮೇಲೆ ಮಸಾಲೆ ಅರೆಯುವ ಗುಂಡುಕಲ್ಲನ್ನು ಇಟ್ಟಿದ್ದೆ. ನಿಮ್ಮ ಪತ್ರ ಬಂದ ಮೇಲೆ ಹೋಗಿ ನೋಡಿದೆ. ಕಲ್ಲು ಜಾರಿ ಮ್ಯಾಟಿನ ಮೇಲೆ ಬಿದ್ದಿತ್ತು. ಒಂದು ತಿಂಗಳಿಂದ ಅಲ್ಲೇ ಬಿದ್ದಿತ್ತು. ಮೂರು ಮೂರು ಸಲ ಅಳೆದೆ, ಬಾಗಿ ಒಳಗೊಮ್ಮೆ ನೋಡಲಿಲ್ಲ.

ಅವರಿಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಅವರಿಗೆ ಈಗ ಯಾರ ಮೇಲೂ ಸಿಟ್ಟಿರುವಂತಿಲ್ಲ. ಅವರು ಜೈನ ಮುನಿಯಾಗಿ ದೀಕ್ಷೆ ತೆಗೆದುಕೊಂಡು ಒಂದೂವರೆ ವರ್ಷವಾಯಿತು. ಮುನಿಸಂಘದ ಜೊತೆ ಕಾಲ್ನಡಿಗೆಯಲ್ಲಿ ಊರೂರು ತಿರುಗುತ್ತಾರೆ. ಅವರ ಹೆಸರೂ ಈಗ ಬೇರೆ. ನೀವು ದವಾಖಾನೆಯಲ್ಲಿದ್ದಾಗ ಅವರು ಮನೆಯಲ್ಲಿ ಮೌನ ಹಿಡಿದು ಕೂತಿದ್ದರು, ನನ್ನ ಜೊತೆಗೂ ಮಾತಿರಲಿಲ್ಲ.

ನಿಮಗೆ ಮೊದಲೇ ಯಾಕೆ ಹೇಳಲಿಲ್ಲವೆಂದರೆ, ಹೇಳಿದ ಕೂಡಲೇ ಎಲ್ಲರೂ ಒಂದೇ ಮಾತು ಆಡುತ್ತಾರೆ: "ಪುಣ್ಯವಂತಿ ನೀನು." ಬಸ್ಸಿನಲ್ಲಿ ಅಪರಿಚಿತ ಹೆಂಗಸರು ನನ್ನ ಕಾಲು ಮುಟ್ಟಿದ್ದಾರೆ. ನನ್ನವರು ಸತ್ತಿದ್ದರೆ ಜನ ಅಳಲು ಬಿಡುತ್ತಿದ್ದರು. ಬಿಟ್ಟು ಓಡಿಹೋಗಿದ್ದರೆ ಬೈಯಲು ಬಿಡುತ್ತಿದ್ದರು. ಇದಕ್ಕೆ ಏನೂ ಇಲ್ಲ. ನಗುತ್ತ ಕೈ ಮುಗಿಯಬೇಕು. ನಮಗೆ ಮಕ್ಕಳೂ ಇಲ್ಲ. ಸಂಜೆ ಸಾಲಿಯಿಂದ ಬಂದು ಬೀಗ ತೆಗೆದರೆ, ಮರುದಿನ ಹಾಜರಿ ಕೂಗುವವರೆಗೆ ನನ್ನ ದನಿ ನನಗೇ ಕೇಳುವುದಿಲ್ಲ.

ದೀಕ್ಷೆಯ ದಿನ ಸಾವಿರಾರು ಜನರ ಮುಂದೆ ಗುರುಗಳು ಕೇಳಿದರು, "ಮನೆಯವರ ಒಪ್ಪಿಗೆ ಇದೆಯೇ?" ಮೈಕು ನನ್ನ ಬಾಯಿಯ ಹತ್ತಿರ ಬಂತು. ನಾನು ಹೌದೆಂದು ತಲೆ ಆಡಿಸಿದೆ. ತಲೆ ಆಡಿಸಿದ್ದು ಮೈಕಿನಲ್ಲಿ ಕೇಳಿಸುವುದಿಲ್ಲ, ಆದರೂ ಜನ ಜಯಘೋಷ ಮಾಡಿದರು.

ಸಂಘ ಈಗ ಕೊಣ್ಣೂರಲ್ಲಿ ಚಾತುರ್ಮಾಸ ಕೂತಿದೆ. ಮಳೆಗಾಲದ ನಾಲ್ಕು ತಿಂಗಳು ಅವರು ಬೇರೆ ಊರಿಗೆ ಹೋಗುವುದಿಲ್ಲ. ದೀಪಾವಳಿ ಮುಗಿದರೆ ಮಹಾರಾಷ್ಟ್ರದ ಕಡೆ ನಡೆದುಬಿಡುತ್ತಾರೆ. ನಮ್ಮ ನೆಂಟರೆಲ್ಲ ಪ್ರತಿ ಅಮಾವಾಸ್ಯೆಗೆ ಟೆಂಪೋ ಮಾಡಿಕೊಂಡು ಹೋಗುತ್ತಾರೆ, ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸುತ್ತಾರೆ. ಅಲ್ಲಿ ಇಪ್ಪತ್ತು ಹೆಂಗಸರ ನಡುವೆ ನಾನು ಹೇಳಬೇಕಾದ್ದನ್ನು ಹೇಳಲಾಗುವುದಿಲ್ಲ. ಬಸ್ಸಿಗೆ ಹೋದರೂ ಯಾರಾದರೂ ಗುರುತು ಹಿಡಿದು ಜೊತೆಗೆ ಬಂದೇ ಬರುತ್ತಾರೆ. ಒಂದು ಸಲ ನಾನೊಬ್ಬಳೇ ನನ್ನ ಗಾಡಿಯಲ್ಲಿ, ಯಾರಿಗೂ ಹೇಳದೆ ಹೋಗಬೇಕು. ನನಗೆ ನಡೆಸಲು ಬರುತ್ತದೆ, ಅವರೇ ಕಲಿಸಿದ್ದು. ಅದಕ್ಕೇ ಈ ಗಾಡಿ ಬೇಕು.

ಇಷ್ಟನ್ನು ಇದುವರೆಗೆ ಯಾರಿಗೂ ಬರೆದಿಲ್ಲ. ನೀವು ಎಕ್ಸಲೇಟರ್ ಬಗ್ಗೆ ಕೇಳಿದಿರಿ, ಸುಳ್ಳು ಹೇಳಲು ಆಗಲಿಲ್ಲ.

ಸರಿತಾ


ಮೂಡಲಗಿ
೨ ಅಕ್ಟೋಬರ್ ೨೦೨೪

ಅಕ್ಕೋರ,

ಬರೂ ರವಿವಾರ ಮುಂಜಾನಿ ಬಸ್ಸಿಗಿ ಬರ್ತೇನಿ. ಗೇಜ್ ತರ್ತೇನಿ. ಬ್ಯಾಟರಿ ಚಾರ್ಜ್ ಇಡ್ರಿ. ಗುಂಡಕಲ್ಲ ಅಡಗಿ ಮನ್ಯಾಗ ಇಡ್ರಿ.

ಮಾಳಪ್ಪ


ಮೂಡಲಗಿ
೧೬ ಅಕ್ಟೋಬರ್ ೨೦೨೪

ಅಕ್ಕೋರಿಗೆ ನಮಸ್ಕಾರ.

ಎರಡ ರವಿವಾರ ಅಲ್ಲಿಗಿ ಬಂದೆ, ಕೆಲಸಾ ಮುಗಿಸಿದೆ, ತಿರುಗಿ ಬಂದೆ. ಅಲ್ಲಿ ಪಾಟಿ ಮ್ಯಾಲ ಪೆನ್ಸಿಲಿನಿಂದ ಬರದು ಎಷ್ಟಂತ ಹೇಳಲಿ? ಅದಕ್ಕ ಉಳದದ್ದು ಇಲ್ಲಿ ಬರಿಯಾಕತ್ತೇನಿ.

ಮೊದಲ ಗಾಡೀದು. ನೂರಾ ಅರವತ್ತೈದು, ನೂರಾ ಅರವತ್ತು, ಆಮ್ಯಾಲ ಮೂರನೇದು ನೂರಾ ಐದು ಅಂತ ನೀವು ಒದರಿದ್ದು ನನಗಿನ್ನೂ ಕಿವ್ಯಾಗೈತಿ. ಎರಡ ಸಿಲಿಂಡರ್ ಕುದರಿ ಇದ್ದಂಗ ಅದಾವು. ಮೂರನೇದಕ್ಕ ಆಯಿಲ್ ಬಿಟ್ರೂ ಏರಲಿಲ್ಲ, ಹಂಗಾಗಿ ವಾಲ್ವ್ ಅಂತ ಖಾತ್ರಿ ಆತು. ಎಂಜಿನ್ನಿನ ಹೆಡ್ ಬಿಚ್ಚಿದಾಗ ನೋಡಿದ್ರಲ್ಲಾ, ವಾಲ್ವಿನ ಅಂಚು ಇಲಿ ಕಡದ ರೊಟ್ಟಿಗತೆ ಆಗಿತ್ತು. ಹೊಸಾದ ಹಾಕಿ ತಿಕ್ಕಿ ಕುಂಡ್ರಿಸೇನಿ. ಈಗ ಮೂರನೇದೂ ನೂರಾ ಐವತ್ತ ಕೊಡ್ತೈತಿ. ಮೊದಲ ಐದನೂರ ಕಿಲೋಮೀಟರ್ ಜೋರ ಓಡಸಬ್ಯಾಡ್ರಿ.

ಇನ್ನ ಎರಡನೇದು. ನಾ ನಿಮಗ ಸುಳ್ಳ ಬರದಿದ್ದೆ. ಗ್ಯಾರೇಜಿನ್ಯಾಗ ಬಾಳ ಕೆಲಸ ಐತಿ ಅಂದಿದ್ದೆ. ಕೆಲಸ ಐತಿ ಖರೆ, ನನಗಿಲ್ಲ. ಗ್ಯಾರೇಜ್ ಈಗ ನನ್ನ ತಮ್ಮ ಮಾಲಿಂಗ ನಡಸ್ತಾನ. ಹೊಸಾ ಗಾಡಿಗಿ ವೈರ್ ಚುಚ್ಚಿದ್ರ ಮಷೀನ್ ಎಲ್ಲಾ ಹೇಳ್ತೈತಿ. ನಾ ಹೊರಗ ಬಾಕಿನ ಮ್ಯಾಲ ಕುಂದರ್ತೇನಿ. ಮಾಲಿಂಗ ಕೆಟ್ಟಾಂವಲ್ಲ, ಚಾ ತರಸ್ತಾನ, ಔಷಧ ತರಸ್ತಾನ. ಆದ್ರ ಹಳೇ ಗಿರಾಕಿ ಬಂದು ನನ್ನ ಮುಂದ ನಿಂತು ಏನರ ಕೇಳಿದ್ರ, ನಾ ಪೆನ್ಸಿಲ್ ತಗೊಳೂದ್ರಾಗ "ಇರ್ಲಿ ಬಿಡ್ರಿ ಮಾಳಪ್ಪಣ್ಣ" ಅಂದು ಒಳಗ ಹೊಕ್ಕಾರ. ಎರಡ ವರ್ಷ ಆತು, ಒಬ್ಬರೂ ನಾ ಬರದು ಮುಗಸೂತನಕ ನಿಂತಿಲ್ಲ. ಶೆಟ್ಟೆವ್ವನೂ ಈಗೀಗ ತಾನ ಕೇಳಿ ತಾನ ಉತ್ತರಾ ಹೇಳ್ಕೋತಾಳ.

ನಿಮ್ಮ ಮೊದಲನೇ ಪತ್ರಾ ಬಂದ ದಿವಸ ಸುಮ್ಮ ಸುಮ್ಮಕ ಹತ್ತ ಸಲ ಓದಿದೆ. ಕಂಪ್ರೆಷನ್ ಅಳಿಯೂದು ಹ್ಯಾಂಗ ಅಂತ ನನ್ನ ಕೇಳಿದ್ರಲ್ಲಾ.

ಆಪರೇಷನ್ ಆದಾಗಿಂದ ನಾ ಮೂಡಲಗಿ ದಾಟಿರಲಿಲ್ಲ. ಕುತಿಗ್ಯಾಗ ತೂತು, ಮ್ಯಾಲ ಅರಿಬಿ. ಗೋಕಾಕ ಸ್ಟ್ಯಾಂಡಿನ್ಯಾಗ ಒಬ್ಬಾಕಿ ನನ್ನ ಬಾಜೂಲಿಂದ ಎದ್ದು ಬ್ಯಾರೆ ಸೀಟಿಗಿ ಹೋದಳು. ಇಳದು ತಿರುಗಿ ಹೋಗೂನು ಅನಿಸಿತು. ಆದ್ರ ಸೀಟಿನ ಮ್ಯಾಲ ಒಬ್ಬರ ಬೇಕಲ್ಲ ನಿಮಗ. ತುಳಿಯಾಕ ದನಿ ಬೇಕಾಗಿಲ್ಲ.

ನಾ ಸೀಟಿನ್ಯಾಗ ಕುಂತು, ತಯಾರದೇನಿ ಅಂತ ಹಾರ್ನ್ ಹೊಡದಾಗ ನೀವು ಬಾನೆಟ್ ಹಿಂದಿನಿಂದ "ಆತ್ರಿ, ತಿರುವ್ರಿ!" ಅಂತ ಒದರಿದ್ರಿ. ನಾ ಹಾರ್ನ್ ಹೊಡೀತಿದ್ದೆ, ನೀವು ಮಾತಾಡ್ತಿದ್ರಿ. ಒಂಬತ್ತ ಸಲ ಅಳದ್ವಿ. ಮೂರ ಸಲ ಸಾಕಿತ್ತು.

ನಿಮ್ಮ ಮನಿಯವರ ಬಗ್ಗೆ ನಾ ಏನೂ ಹೇಳಾಂವಲ್ಲ. ನಿಮ್ಮನ್ನ ಪುಣ್ಯವಂತಿ ಅಂತನೂ ಅನ್ನೂದಿಲ್ಲ. ಹುಷಾರಾಗಿ ಹೋಗಿ ಬರ್ರಿ. ಬಂದು ಬರೀರಿ.

ಮಾಳಪ್ಪ


ಹುಕ್ಕೇರಿ
೨೬ ಅಕ್ಟೋಬರ್ ೨೦೨೪

ಮಾಳಪ್ಪಣ್ಣಾರಿಗೆ,

ಮೊನ್ನೆ ಬೇಸ್ತವಾರ ರಜಾ ಹಾಕಿ ಹೋಗಿ ಬಂದೆ. ಯಾರಿಗೂ ಹೇಳಲಿಲ್ಲ. ಗಾಡಿ ನಡುಗಲಿಲ್ಲ. ಘಟಪ್ರಭಾ ದಾಟೂತನಕ ಸಾವಕಾಶ ಓಡಿಸಿದೆ, ಒಬ್ಬ ಟ್ರಾಕ್ಟರಿನವಾ ಹಿಂದಿನಿಂದ ಹಾರ್ನ್ ಹೊಡದೂ ಹೊಡದೂ ಮುಂದ ಹೋದ. ಆಮ್ಯಾಲ ರಸ್ತೆದ ಎರಡೂ ಕಡೆ ಕಬ್ಬು, ನಾ, ಗಾಡಿ, ಅಷ್ಟ.

ಕೊಣ್ಣೂರಿಗೆ ಹೋದಾಗ ಮಧ್ಯಾಹ್ನ ಮೂರ ಗಂಟೆ. ಜನ ಇರಲಿಲ್ಲ. ಅವರು ಬಸದಿಯ ಬಾಜೂ ಪಡಸಾಲಿಯಲ್ಲಿ ಕೂತಿದ್ದರು, ಮೂಲ್ಯಾಗ ಒಬ್ಬರು ಮುದುಕರು ಜಪ ಮಾಡುತ್ತಿದ್ದರು. ನಾ ದೂರ ಕೂತು ನಮಸ್ಕಾರ ಮಾಡಿದೆ. ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು, ಎಲ್ಲರಿಗೂ ಮಾಡಿದಂಗ. ಬಾಳ ಸೊರಗ್ಯಾರ. ಕಾಲಿನ ಹಿಮ್ಮಡ ಒಡದಾವು.

"ಎಲ್ಲಿಂದ ಬಂದ್ರಿ?" ಅಂದರು.

ಇಪ್ಪತ್ತೆರಡ ವರ್ಷ ನೀ ಅಂದವರು.

"ಹುಕ್ಕೇರಿಯಿಂದ" ಅಂದೆ. ಮುಂದ ಏನೇನೋ ತಯಾರ ಮಾಡ್ಕೊಂಡ ಹೋಗಿದ್ದೆ ಅಣ್ಣಾ, ದಾರಿತುಂಬ ಬಾಯಿಪಾಠ ಮಾಡಿದ್ದೆ. ಎಲ್ಲಾ ಹೋತು. "ಅವತ್ತ ಮೈಕಿನ ಮುಂದ ನಾ ತಲಿ ಆಡಿಸಿದ್ದು ಖರೆ ಅಲ್ಲ. ನನ್ನ ಒಪ್ಪಿಗಿ ಇರಲಿಲ್ಲ" ಅಂತ ಅಷ್ಟ ಅಂದೆ.

ಮುದುಕರ ಜಪದ ಮಣಿ ನಿಂತವು. ಇವರು ಪಿಂಛಿ ಕೆಳಗಿಟ್ಟರು. ನೆಲ ನೋಡುತ್ತಿದ್ದರು. ನಾ ಎದ್ದೇಳಬೇಕು ಅನ್ನೂದ್ರಾಗ ಹೇಳಿದರು:

"ಗೊತ್ತಿತ್ತು. ಅವತ್ತನ ಗೊತ್ತಿತ್ತು. ನಿಮ್ಮ ಮುಖಾ ನೋಡಿದ್ರ ಹಿಂದ ಸರೀತಿದ್ದೆ. ಅದಕ್ಕ ನೋಡಲಿಲ್ಲ."

ಆಮ್ಯಾಲ "ಕ್ಷಮಾ ಇರಲಿ" ಅಂದು ಕೈ ಮುಗಿದರು. ಅವರು ಎಲ್ಲಾ ಜೀವಿಗಳಿಗೂ ಹಂಗ ಕೇಳ್ತಾರ, ಇರುವೆಗೂ ಕೇಳ್ತಾರ. ಆದ್ರ ಈ ಸಲ ಕೈ ಮುಗಿಯೂವಾಗ ನನ್ನ ಮುಖಾ ನೋಡಿದರು.

ಇರಲಿ ಅಂತ ನಾ ಅನ್ನಲಿಲ್ಲ. ಇಲ್ಲ ಅಂತನೂ ಅನ್ನಲಿಲ್ಲ. ನಮಸ್ಕಾರ ಮಾಡಿ ಎದ್ದು ಬಂದೆ. ಒಂದೂವರೆ ವರ್ಷ ನಾನ ಅವರಿಗಿ ಸುಳ್ಳು ಹೇಳಿದೆ ಅಂತ ತಿಳಿದಿದ್ದೆ. ಅವರು ಆ ಸುಳ್ಳನ್ನ ಗುರುತು ಹಿಡಿದು, ಅದರ ಮ್ಯಾಲೇ ಕಾಲಿಟ್ಟು ದಾಟಿ ಹೋಗಿದ್ದರು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರೂ ಹೆದರಿದ್ದರು, ಅಷ್ಟ ಅನಿಸಿತು.

ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಗುರುತು ಹಿಡಿದಳು. "ನೀವು ಮಾರಾಜರ ಮನಿಯವರಲ್ರಿ? ಎಂಥಾ ಪುಣ್ಯವಂತರ್ರಿ ನೀವು" ಅಂತ ಕಾಲಿಗೆ ಬಾಗಿದಳು. ನಾ ಆಕೀ ರಟ್ಟಿ ಹಿಡದು ಎಬ್ಬಿಸಿ, "ಇಲ್ರಿ ಯವ್ವಾ, ನಾ ಸಾಲಿ ಕಲಿಸೂ ಅಕ್ಕೋರು" ಅಂದೆ. ಆಕಿಗೆ ಏನೂ ತಿಳೀಲಿಲ್ಲ.

ಹೊತ್ತು ಮುಳುಗೂದರೊಳಗ ಉಣ್ಣಬೇಕಲ್ಲ, ಬುತ್ತಿ ಕಟ್ಟಿಕೊಂಡಿದ್ದೆ. ಘಟಪ್ರಭಾ ಸ್ಟೇಶನ್ ಹತ್ತರ ಬೇವಿನ ಗಿಡದ ಕೆಳಗ ಗಾಡಿ ನಿಲ್ಲಿಸಿ, ಒಳಗ ಕೂತು ಉಂಡೆ. ಒಂದು ರೈಲು ಬಂತು, ಜನ ಇಳದರು, ಎಲ್ಲಾರೂ ಅವರವರ ಮನಿಗೆ ಹೊಂಟರು. ಅಳು ಅಲ್ಲಿ ಬಂತು. ಗಾಡಿ ಕಿಟಕಿ ಕಾಜು ಏರಿಸಿದೆ. ಯಾರೂ ಕೇಳಲಿಲ್ಲ, ಯಾರೂ ಸಮಾಧಾನ ಮಾಡಲಿಲ್ಲ, ಎಷ್ಟ ಬೇಕೋ ಅಷ್ಟು ಅತ್ತೆ. ಆಮ್ಯಾಲ ಮುಖಾ ತೊಳದು ಲೈಟ್ ಹಚ್ಚಿ ಬಂದೆ.

ಇವತ್ತು ಮುಂಜಾನೆ ಭಕ್ತಿ ಬಂದಿದ್ದಳು. ದೀಪಾವಳಿ ಅಮಾಸಿಗೆ ಟೆಂಪೋ ಹೊಂಟೈತಿ, ನಿನ್ನ ಸೀಟು ಮುಂದ ಇಟ್ಟೇವಿ ಅಂದಳು. ಬರೂದಿಲ್ಲ ಅಂದೆ. ಯಾಕಂತ ಕೇಳಿದಳು. ಕಾರಣ ಹೇಳಲಿಲ್ಲ. ಗಾಡಿ ಗುಜರಿಗೆ ಕೊಡೂದಿಲ್ಲ ಅಂತನೂ ಹೇಳೇನಿ.

ಒಂದು ಮಾತು ಕೇಳೂದಿತ್ತು. ಕತ್ತಲಾದ ಮ್ಯಾಲ ನೋಡಿದೆ, ಬಲಗಡೆ ಲೈಟು ರಸ್ತೆಗೆ ಬೀಳ್ತೈತಿ, ಎಡಗಡೇದು ಮ್ಯಾಲ ಗಿಡದ ಟೊಂಗಿಗೆ ಹೊಡೀತೈತಿ. ದಾರಿತುಂಬ ಗಿಡಗಳನ್ನ ನೋಡಿಕೋತ ಬಂದಂಗ ಆತು. ಅದನ್ನ ಕೆಳಗ ಇಳಿಸೂ ಸ್ಕ್ರೂ ಎಲ್ಲಿರ್ತೈತಿ, ಎಷ್ಟು ತಿರುವಬೇಕು, ಬರದು ತಿಳಿಸ್ರಿ. ನಿಧಾನ ಬರೀರಿ. ಅವಸರ ಇಲ್ಲ.

ಸರಿತಾ